ಠಾಣೆಗೆ ಹೋದ ಪಿಸ್ತೂಲು

ನಾಗರತ್ನಾ ಇಳಕಲ್ಲಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು. ಗಂಡ ಅಮರೇಶನದು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ. ಅವನ ಗೆಳೆಯನನ್ನು ಹುನಗುಂದದ ರಸ್ತೆಯಲ್ಲಿ ಯಾರೋ ಅಡ್ಡಗಟ್ಟಿ ದೋಚಿದ ಮೇಲೆ ಅಮರೇಶ ಹಟ ಹಿಡಿದು ಲೈಸೆನ್ಸ್ ಮಾಡಿಸಿ ಪಿಸ್ತೂಲು ತಂದ.

"ಲೋಕ ಕೆಟ್ಟೈತಿ ಅಂತ ನಂಬಿದಾವ ಪಿಸ್ತೂಲು ತರ್ತಾನ. ಅದು ಮನ್ಯಾಗ ಬಂದ ಮ್ಯಾಲೆ ನಂಬಿಕಿ ಇನ್ನಷ್ಟು ಗಟ್ಟಿ ಆಗ್ತೈತಿ. ನಾ ಕ್ಲಾಸಿನ್ಯಾಗ ಕಲಿಸೋದ ಇದನ್ನ," ಎಂದಿದ್ದಳು ಅವಳು.

"ನಿನ್ನ ಕ್ಲಾಸಿಗೆ ಕಳ್ಳರು ಬರೂದಿಲ್ಲ ಬಿಡು," ಎಂದಿದ್ದ ಅವನು. ಪಿಸ್ತೂಲು ಸೊಂಟಕ್ಕೇರಿದ ಮೇಲೆ ಲಾರಿಯವರ ಜೊತೆ ಅವನ ಮಾತು ಒರಟಾದದ್ದನ್ನೂ ಅವಳು ಗಮನಿಸಿದ್ದಳು.

ಚುನಾವಣೆ ಬಂತು. ನಿಯಮದಂತೆ ಪಿಸ್ತೂಲನ್ನು ಠಾಣೆಗೆ ಒಪ್ಪಿಸಬೇಕಾಯಿತು. ಅಮರೇಶ ನಾಲ್ಕು ದಿನ ಸೊಂಟ ಮುಟ್ಟಿ ನೋಡಿಕೊಂಡು ಆಮೇಲೆ ಮರೆತುಬಿಟ್ಟ. ಮರೆಯಲಾಗದವಳು ನಾಗರತ್ನಾ. ಸಂಜೆಯಾದರೆ ಹಾಕಿದ ಚಿಲಕವನ್ನೇ ಮತ್ತೆ ಹೋಗಿ ನೋಡುವಳು. ರಾತ್ರಿ ಪಿಸ್ತೂಲು ಇಡುತ್ತಿದ್ದ ಕಪಾಟು ಖಾಲಿ ಇದೆ ಎಂಬುದು ಅಡಿಗೆ ಮಾಡುವಾಗಲೂ ನೆನಪಾಗುವುದು.

ಅಮರೇಶ ಬಾಗಲಕೋಟೆಗೆ ಹೋಗಿದ್ದ ಒಂದು ಮಧ್ಯಾಹ್ನ ಹಿತ್ತಲ ಬಾಗಿಲು ಅಲುಗಿತು.

"ಯಾರದು? ನನ್ನ ಕೈಯಾಗ ಪಿಸ್ತೂಲು ಐತಿ. ಮುಂದ ಬಂದ್ರ ಹೊಡೀತೇನಿ," ಎಂದು ನಾಗರತ್ನಾ ಒಳಗಿನಿಂದಲೇ ಕೂಗಿದಳು.



"ಅಕ್ಕಾರ, ನಾ ಅಬ್ದುಲಸಾಬರಿ. ಕಾರ್ಖಾನಿ ಕೀಲಿ ಕೊಡಾಕ ಬಂದೇನಿ. ಕರೆಂಟ್ ಇಲ್ಲ, ಮುಂದಿನ ಬೆಲ್ ಆಗಲಿಲ್ಲ."

ಅಬ್ದುಲಸಾಬ ಅವಳ ಮಾವನ ಕಾಲದಿಂದ ಕಾರ್ಖಾನೆಯಲ್ಲಿದ್ದವನು. ಬಾಗಿಲು ತೆರೆದಾಗ ಕೀಲಿಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ದೂರ ಗೋಡೆಗೆ ಆತು ನಿಂತಿದ್ದ. ಕೈಗಳನ್ನು ಕಾಣುವಂತೆ ಮುಂದೆ ಹಿಡಿದಿದ್ದ. ಕೂರಲು ಹೇಳಿದರೆ ಕೂರಲಿಲ್ಲ, ನೀರೂ ಕುಡಿಯಲಿಲ್ಲ.

ಮರುದಿನ ಅವಳು ಅವನ ಮನೆಗೇ ಹೋಗಿ ತಪ್ಪಾಯಿತೆಂದಳು.

"ಒಬ್ಬಾಕಿ ಇದ್ರಿ, ಅಂಜಿಕಿ ಬಂದಿತ್ತು. ಇರ್ಲಿ ಬಿಡ್ರಿ," ಎಂದು ಚಹಾ ಕೊಡಿಸಿದ.

ಚುನಾವಣೆ ಮುಗಿದ ಮೇಲೆ ಅಮರೇಶ ಕೇಳಿದ: "ನಿನಗ ಬ್ಯಾಡಾಗಿದ್ರ ಲೈಸೆನ್ಸ್ ವಾಪಸ್ ಕೊಡ್ತೇನಿ. ನನಗೀಗ ಅದರ ನೆನಪ ಆಗವಲ್ದು."

ಇಷ್ಟು ದಿನ ಅವಳು ಬಯಸಿದ್ದು ಇದನ್ನೇ. ಆದರೂ ಮೊದಲು ಹೋಗಿ ಹಿತ್ತಲ ಬಾಗಿಲ ಚಿಲಕ ನೋಡಿ ಬಂದಳು.

"ತರ್ರಿ," ಎಂದಳು. "ಇರಬಾರದು ಅಂತ ಗೊತ್ತೈತಿ. ಆದ್ರೂ ತರ್ರಿ."

ಪಿಸ್ತೂಲು ಕಪಾಟಿಗೆ ಮರಳಿತು. ಅವಳಿಗೆ ನಿದ್ದೆಯೂ ಮರಳಿತು. ಅಬ್ದುಲಸಾಬ ಈಗಲೂ ಕೆಲಸಕ್ಕೆಂದು ಮನೆಗೆ ಬರುತ್ತಾನೆ. ಗೇಟಿನ ಹೊರಗೆ ರಸ್ತೆಯಲ್ಲೇ ನಿಂತು ಫೋನ್ ಮಾಡಿ, ಹೆಸರು ಹೇಳಿ, ಅವಳು ಹೊರಗೆ ಬರುವವರೆಗೆ ಕಾಯುತ್ತಾನೆ.