ಗೋಡೆ ನೆಕ್ಕುವ ಕುರಿಗಳು

ಮೂರನೆಯ ದಿನವೂ ಹಾಲು ಹೆಪ್ಪುಗಟ್ಟಿರಲಿಲ್ಲ. ಮೊಸರಮ್ಮ ಪಾತ್ರೆಯ ಮುಚ್ಚಳ ತೆಗೆದು ಚಮಚ ಅದ್ದಿ ನೋಡಿದಳು. ತಳದಲ್ಲಿ ಒಂದಿಷ್ಟು ಗಸಿ, ಮೇಲೆಲ್ಲ ನೀರು. ಕುರಿ ಹಾಲಿನ ಮೊಸರೆಂದರೆ ಚಮಚ ನೆಟ್ಟಗೆ ನಿಲ್ಲಬೇಕು. ಹನ್ನೆರಡು ವರ್ಷಗಳಿಂದ ಅವಳ ಮೊಸರು ಹಾಗೇ ಇತ್ತು. ಊರವರು ಅವಳ ಹೆಸರು ಮರೆತು ಮೊಸರಮ್ಮ ಎನ್ನುತ್ತಿದ್ದುದೂ ಅದಕ್ಕೇ.

"ಹೆಪ್ಪು ಕೆಟ್ಟಿರಬೇಕು ಬಿಡು," ಎಂದ ಗಂಡ.

"ಹೆಪ್ಪು ಬದಲಾಯಿಸಿ ನೋಡಿದೆ ಕಣ್ರೀ. ಹಾಲೇ ಬೇರೆ ಥರ ಇದೆ."

"ಹಾಲು ಹಾಲಿನ ಥರಾನೇ ಇರುತ್ತೆ. ಸುಮ್ನೆ ತಲೆ ಕೆಡಿಸ್ಕೋಬೇಡ."

ದೊಡ್ಡಿಯಲ್ಲಿ ತಾನು ಕಂಡದ್ದನ್ನು ಅವಳು ಅವನಿಗೆ ಹೇಳಿರಲಿಲ್ಲ. ಹೇಳಲು ಭಯ. ಹದಿನೆಂಟು ಕುರಿಗಳಲ್ಲಿ ಐದಾರು ಕುರಿಗಳು ಗೋಡೆಯ ಸುಣ್ಣ ನೆಕ್ಕುತ್ತಿದ್ದವು. ಮೊಣಕಾಲೆತ್ತರದವರೆಗೆ ಸುಣ್ಣವೆಲ್ಲ ಹೋಗಿ ಇಟ್ಟಿಗೆ ಕಾಣುತ್ತಿತ್ತು. ಒಂದು ಕುರಿ ಹರಕು ಗೋಣಿಚೀಲ ಅಗಿಯುತ್ತಿತ್ತು. ಇನ್ನೊಂದು ಪಕ್ಕದ ಕುರಿಯ ಉಣ್ಣೆ ಕಿತ್ತು ತಿನ್ನುತ್ತಿತ್ತು. ಹೋದ ವಾರ ಹುಟ್ಟಿದ ಮರಿಯಂತೂ ಹಿಂಗಾಲು ತೂರಾಡಿಸುತ್ತ ನಾಲ್ಕು ಹೆಜ್ಜೆ ಇಟ್ಟು, ಕೆಚ್ಚಲು ಮುಟ್ಟುವ ಮೊದಲೇ ಬೀಳುತ್ತಿತ್ತು.

ಇದೇ ಹಾಲನ್ನು ಅವಳ ನಾಲ್ಕು ವರ್ಷದ ಮೊಮ್ಮಗಳು ದಿನವೂ ಒಂದು ಲೋಟ ಕುಡಿಯುತ್ತಿದ್ದಳು. ಹಿಂದಿನ ದಿನ ಅಂಗಳದಲ್ಲಿ ಓಡುವಾಗ ಎರಡು ಸಲ ಬಿದ್ದಿದ್ದಳು. ಮಕ್ಕಳು ಬೀಳುತ್ತವೆ, ಏಳುತ್ತವೆ. ಆದರೂ ಮೊಸರಮ್ಮನ ಕಣ್ಣು ಮಗುವಿನ ಕಾಲುಗಳನ್ನು ಬಿಟ್ಟು ಕದಲಲಿಲ್ಲ. ಅಂದು ಕರೆದ ಹಾಲನ್ನೆಲ್ಲ ಚರಂಡಿಗೆ ಸುರಿದಳು.

"ಅಜ್ಜಿ, ನನ್ನ ಹಾಲು?"

"ಇವತ್ತು ಬೇಡ ಪುಟ್ಟಿ," ಎಂದಳು.

ಮರುದಿನ ಮಧ್ಯಾಹ್ನ ಕರಿಕಿವಿ ನೆಲ ಹಿಡಿಯಿತು. ಎರಡು ದಿನದ ಹಿಂದೆ ಅವಳಿ ಮರಿ ಹಾಕಿದ್ದ, ದೊಡ್ಡಿಯಲ್ಲೇ ಹೆಚ್ಚು ಹಾಲು ಕೊಡುವ ಕುರಿ ಅದು. ಕತ್ತು ಪಕ್ಕೆಗೆ ತಿರುಗಿತ್ತು, ಕಿವಿ ತಣ್ಣಗಾಗಿತ್ತು. ಕಣ್ಣು ತೆರೆದಿದ್ದರೂ ಏನನ್ನೂ ನೋಡುತ್ತಿರಲಿಲ್ಲ. ಮೊಸರಮ್ಮ ಪಶುವೈದ್ಯೆಗೆ ಫೋನ್ ಮಾಡಿದಳು. ಗಂಡ ಹೊರಗೆ ಓಡಿದ. ಹಿಂದಿನ ಬೀದಿಯ ಹಸು ಸಾಕುವವರ ಮನೆಯಿಂದ ಒಂದು ಚೀಲ ಪುಡಿ ಹೊತ್ತು ತಂದು, ಬಕೆಟ್ಟಿನ ಬೂಸಾಕ್ಕೆ ಕಲಸತೊಡಗಿದ.

"ಹಸುಗೆ ಹಾಕೋ ಖನಿಜದ ಪುಡಿ. ಅವರ ಹಸುಗಳು ಹೇಗೆ ಮಿರಮಿರ ಅಂತಿವೆ ನೋಡು. ಎಲ್ಲ ಕುರಿಗೂ ಎರಡೆರಡು ಹಿಡಿ ಹಾಕಿಬಿಡ್ತೀನಿ."

"ಡಾಕ್ಟ್ರು ಬರ್ತಿದಾರೆ, ಸ್ವಲ್ಪ ಇರಿ."

"ಅವರು ಬರೋಷ್ಟರಲ್ಲಿ ಎಲ್ಲಾ ಸಾಯ್ತವೆ."

ಅವನು ಬಕೆಟ್ ಎತ್ತುವುದಕ್ಕೂ ಪಶುವೈದ್ಯೆಯ ಸ್ಕೂಟರ್ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಆಕೆ ಚೀಲದ ಮೇಲಿನ ಬರಹ ಓದಿದಳು. ಮುಖ ಬಿಗಿಯಿತು.

"ಇದನ್ನ ಯಾವ ಕುರಿಯಾದ್ರೂ ತಿಂತಾ?"

"ಇನ್ನೂ ಇಲ್ಲ."

"ಮೊದಲು ಬಕೆಟ್ ಹೊರಗಿಡಿ."

ಆಕೆ ಕರಿಕಿವಿಯ ಕುತ್ತಿಗೆಯ ನರ ಹುಡುಕಿ, ಎದೆಬಡಿತ ಆಲಿಸುತ್ತ ನಿಧಾನವಾಗಿ ಔಷಧಿ ಏರಿಸಿದಳು. ಹತ್ತು ನಿಮಿಷ ಕಳೆಯಿತು, ಕುರಿ ಕದಲಲಿಲ್ಲ. ಹಸಿದ ಅವಳಿ ಮರಿಗಳು ಅರಚುತ್ತಿದ್ದವು. ಇನ್ನಷ್ಟು ಹೊತ್ತಾದ ಮೇಲೆ ಕುರಿಯ ಮೈ ಒಮ್ಮೆ ಅದುರಿತು. ತೇಗಿತು. ಹಿಂಗಾಲು ಊರಿ, ಮುಗ್ಗರಿಸಿ, ಎದ್ದು ನಿಂತಿತು. ಮೊಸರಮ್ಮನ ಗಂಡ ಅರಚುತ್ತಿದ್ದ ಮರಿಗಳನ್ನು ಎತ್ತಿ ಅದರ ಹತ್ತಿರ ತಂದ.

ಪಶುವೈದ್ಯೆ ಉಳಿದ ಕುರಿಗಳ ಕೆಚ್ಚಲು ಒತ್ತಿ ನೋಡಿದಳು, ಹಾಲು ಪರೀಕ್ಷಿಸಿದಳು. ಸುಣ್ಣ ಹೋದ ಗೋಡೆ, ಕಿತ್ತ ಉಣ್ಣೆ, ತೂರಾಡುವ ಮರಿ ಎಲ್ಲವನ್ನೂ ಮೊಸರಮ್ಮ ತೋರಿಸಿದಳು. "ಕೆಚ್ಚಲು ಬಾವು ಇದ್ರೂ ಹಾಲು ಹೀಗೆ ಕೆಡುತ್ತೆ. ಇಲ್ಲಿ ಅದಿಲ್ಲ. ಇದು ಖನಿಜದ ಕೊರತೆ."

"ಹೊಟ್ಟೆ ತುಂಬ ಮೇವು ಹಾಕ್ತೀವಲ್ಲ ಮೇಡಂ," ಎಂದ ಗಂಡ. "ಕೊರತೆ ಎಲ್ಲಿಂದ ಬರುತ್ತೆ?"

"ಏನು ಮೇವು?"

"ಒಣಹುಲ್ಲು, ಬೂಸಾ. ಈ ವರ್ಷವಿಡೀ ಅದೇ."

"ಅದರಲ್ಲಿ ಹೊಟ್ಟೆ ತುಂಬುತ್ತೆ, ಬೇಕಾದ ಖನಿಜ ಎಲ್ಲಾ ಸಿಗಲ್ಲ. ಹಾಲಿಗೆ ಸುಣ್ಣದ ಅಂಶ ಬೇಕಲ್ಲ, ಅದನ್ನ ಕುರಿ ತನ್ನ ಮೂಳೆಯಿಂದ ತೆಗೆದು ಕೊಡುತ್ತೆ. ಅದೂ ಸಾಲದೆ ಹೋದಾಗ ಹೀಗೆ ಬೀಳುತ್ತೆ. ಗೋಡೆ ನೆಕ್ಕೋದು, ಉಣ್ಣೆ ತಿನ್ನೋದು ಚಟ ಅಲ್ಲ. ಮೈಗೆ ಬೇಕಾದ್ದನ್ನ ಹುಡುಕ್ತಿವೆ. ಖನಿಜ ಕಡಿಮೆಯಾದ್ರೆ ಮೇವು ಸೇರಲ್ಲ, ಹಾಲು ಇಳಿಯುತ್ತೆ, ತೆಳ್ಳಗಾಗುತ್ತೆ. ಮೊಸರು ಗಟ್ಟಿಯಾಗೋದು ಹೇಗೆ?"

ಮೊಸರಮ್ಮ ಸೆರಗು ಹಿಂಡುತ್ತ ನಿಂತಿದ್ದಳು. "ನನ್ನ ಮೊಮ್ಮಗಳು ಇದೇ ಹಾಲು ಕುಡಿದಿದಾಳೆ. ಆ ಮರಿ ಥರ ಅವಳ ಕಾಲೂ..."

"ಇಲ್ಲಮ್ಮ. ಇದು ಅಂಟೋ ರೋಗ ಅಲ್ಲ. ಮರಿಗೆ ತಾಯಿ ಹೊಟ್ಟೇಲಿದ್ದಾಗ ತಾಮ್ರ ಸಾಕಾಗಿಲ್ಲ ಅಂತ ನನ್ನ ಅನುಮಾನ. ಹಾಲಲ್ಲಿ ವಿಷ ಇಲ್ಲ, ಸತ್ವ ಕಡಿಮೆ, ಅಷ್ಟೇ. ಚೆನ್ನಾಗಿ ಕಾಯಿಸಿ ಕೊಡಿ."

ಮೊಸರಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

"ತಾಮ್ರ ಕಡಿಮೆ ಅಂತೀರಿ. ಮತ್ತೆ ಆ ಪುಡಿ ಯಾಕೆ ಬೇಡ?" ಗಂಡನಿಗೆ ಇನ್ನೂ ಸಮಾಧಾನವಿರಲಿಲ್ಲ.

"ಹಸು ಪುಡೀಲಿ ತಾಮ್ರ ಕುರಿ ತಡೆಯೋದಕ್ಕಿಂತ ಜಾಸ್ತಿ. ಕುರಿ ಅದನ್ನ ಲಿವರಲ್ಲಿ ಕೂಡಿಡ್ತಾ ಹೋಗುತ್ತೆ. ಒಂದು ದಿನ ಅದು ಒಮ್ಮೆಲೇ ರಕ್ತಕ್ಕೆ ಇಳಿಯುತ್ತೆ. ಕಣ್ಣು ಹಳದಿ, ಮೂತ್ರ ಕೆಂಪು. ಆಮೇಲೆ ನನ್ನನ್ನ ಕರೆದ್ರೂ ಹೆಚ್ಚಿನವು ಉಳಿಯಲ್ಲ. ರಕ್ತ ಪರೀಕ್ಷೆ ಮಾಡಿಸದೆ ತಾಮ್ರ ಕೊಡಲೇಬಾರದು."

ಅವನು ಹೊರಗಿದ್ದ ಬಕೆಟ್ಟಿನತ್ತ ನೋಡಿದ. ಇನ್ನೆರಡು ನಿಮಿಷ ತಡವಾಗಿದ್ದರೆ ಅದನ್ನು ತಾನೇ ತಿನ್ನಿಸಿರುತ್ತಿದ್ದ. ನಾಳೆಯೂ, ನಾಡಿದ್ದೂ.

ಪರೀಕ್ಷೆಯಲ್ಲಿ ಪಶುವೈದ್ಯೆಯ ಅನುಮಾನ ನಿಜವಾಯಿತು. ಗಬ್ಬದ ಕುರಿಗಳಿಗೆ ಆಕೆಯೇ ಅಳೆದು ತಾಮ್ರದ ಔಷಧಿ ಕೊಟ್ಟಳು. ದೊಡ್ಡಿಯಲ್ಲಿ ನೀರು ಬೀಳದ ಕಡೆ ಕುರಿಗಳು ನೆಕ್ಕಲೆಂದೇ ಮಾಡಿದ ಖನಿಜದ ಇಟ್ಟಿಗೆ ತೂಗುಹಾಕಿಸಿದಳು. ಒಣಹುಲ್ಲಿನ ಜೊತೆ ಹಸಿಮೇವೂ ಬಂತು. ಒಂದೂವರೆ ತಿಂಗಳಿಗೆ ಹಾಲು ದಪ್ಪಗಾಯಿತು, ಮೊಸರು ಗಟ್ಟಿಯಾಯಿತು.

ತೂರಾಡುತ್ತಿದ್ದ ಮರಿ ಮಾತ್ರ ಉಳಿಯಲಿಲ್ಲ. ಮೊಸರಮ್ಮ ಹತ್ತು ದಿನ ಮಡಿಲಲ್ಲಿಟ್ಟು ಬಾಟಲಿಯಲ್ಲಿ ಹಾಲು ಕುಡಿಸಿದ್ದಳು. ಆಮೇಲೆ ಪ್ರತಿ ಕುರಿ ಈಯುವಾಗಲೂ ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಒದ್ದೆ ಮರಿ ನಾಲ್ಕೂ ಕಾಲ ಮೇಲೆ ನಿಂತು ಕೆಚ್ಚಲಿಗೆ ಬಾಯಿ ಹಾಕಿದ ಮೇಲೆಯೇ ಮಾತು. ಏಳು ಕುರಿ ಈದವು. ಎಲ್ಲ ಮರಿಗಳೂ ನಿಂತವು. "ಹಸು ಪುಡಿ ಕುರಿಗೆ ಹಾಕ್ಬೇಡ್ರಪ್ಪ," ಎಂದು ಗಂಡ ಈಗ ಕಂಡಕಂಡವರಿಗೆಲ್ಲ ಹೇಳುತ್ತಾನೆ.

ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತು ನಿಮ್ಮ ದೊಡ್ಡಿಗೆ ಹೋದಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ಕುರಿ ಗೋಡೆ ನೆಕ್ಕುತ್ತಿದೆಯೇ, ಮೂಳೆ, ಬಟ್ಟೆ ಅಗಿಯುತ್ತಿದೆಯೇ, ಹಾಲು ನೀರಾಗಿದೆಯೇ? ಹಾಗಿದ್ದರೆ ಯಾರದೋ ಮನೆಯ ಪುಡಿ ತಂದು ಹಾಕಬೇಡಿ, ಪಶುವೈದ್ಯರನ್ನು ಕರೆಯಿರಿ. ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಕರೆಯಿರಿ. ಅದು ನಿಲ್ಲಲಾರದೆ ಬಿದ್ದ ಮೇಲೆ ಎತ್ತಿ ನಿಲ್ಲಿಸುವುದು ಯಾರ ಕೈಯಲ್ಲೂ ಇರುವುದಿಲ್ಲ.