ಅದಲುಬದಲು ಬೂಟು

ಸ್ಮಶಾನದ ಆ ಕಲ್ಲಿನ ಹುಡುಗಿಗೆ ನೂರಹತ್ತು ವರ್ಷ. ಮೆಟ್ಟಿಲ ಮೇಲೆ ಕುಳಿತಿದ್ದಾಳೆ, ಕಾಲಿನ ಬೂಟುಗಳು ಅದಲುಬದಲು. ನೋಡಲು ಬಂದವರೆಲ್ಲ ಶಿಲ್ಪಿ ಕುಡಿದಿದ್ದ ಎಂದು ನಗುತ್ತಾರೆ. ಸ್ಮಾರಕಗಳ ಕಚೇರಿಯವರಿಗೆ ಆ ನಗು ಸಾಕಾಗಿ, ಬೂಟು ಸರಿಮಾಡಿಕೊಡಿ ಎಂದು ನನ್ನನ್ನು ಕರೆಸಿದರು. ಹಳೆಯ ಕಲ್ಲಿಗೆ ತೇಪೆ ಹಾಕುವುದು ನನ್ನ ಕಸುಬು.

ಬೂಟಿನ ಪಟ್ಟಿಯ ಕೊಂಡಿಗಳು ಹೊರಗಡೆ ಇರಬೇಕಿತ್ತು, ಒಳಗಡೆ ಇದ್ದವು. ಅವನ್ನು ಕೆತ್ತಿ ತೆಗೆದು, ಹೊರಗೆ ಹೊಸದು ಕೂರಿಸಿ, ಮುಂತುದಿ ಉಜ್ಜಿದರೆ ಮುಗಿಯಿತು. ಒಪ್ಪಿಕೊಂಡೆ. ಮಗ ಹೋಗಿ ಎಂಟು ತಿಂಗಳಾಗಿತ್ತು, ಯಾವ ಕೆಲಸ ಕೊಟ್ಟರೂ ಒಪ್ಪಿಕೊಳ್ಳುತ್ತಿದ್ದೆ. ಒಂದು ದಿನವೂ ಅತ್ತಿರಲಿಲ್ಲ. ಕಲ್ಲು ಕಡಿಯುವವನ ಎದೆಯೂ ಕಲ್ಲೇ ಎಂದು ನೆಂಟರು ಆಡಿಕೊಂಡರು. ಅದೂ ನನಗೆ ನಾಟಲಿಲ್ಲ.

ಅಂದು ಬೆಳಿಗ್ಗೆ ಹೊರಡುವಾಗ ಹೆಂಡತಿಗೆ, "ಬಾಗಿಲ ಹತ್ರ ಬಿದ್ದಿರೋ ಅವನ ಬೂಟು ಇವತ್ತಾದ್ರೂ ತೆಗೆದಿಡು. ದಿನಾ ಎಡವ್ತೀನಿ" ಎಂದಿದ್ದೆ. ಜ್ವರವೆಂದು ಶಾಲೆಯಿಂದ ಬಂದವನು ಬಿಚ್ಚಿ ಎಸೆದ ಹಾಗೆಯೇ ಅವು ಬಿದ್ದಿದ್ದವು. ಆಸ್ಪತ್ರೆಗೆ ಅವನನ್ನು ಎತ್ತಿಕೊಂಡು ಹೋಗಿದ್ದೆವು, ಬರಿಗಾಲಲ್ಲಿ.

ಕೊಂಡಿಗೆ ಉಳಿ ಇಟ್ಟೆ. ಸುತ್ತಿಗೆ ಎತ್ತುವಷ್ಟರಲ್ಲಿ ಕೋಲೂರಿಕೊಂಡು ಬಂದ ಒಬ್ಬ ಮುದುಕಿ ಕೇಳಿದರು, "ಏನಪ್ಪಾ, ಏನ್ಮಾಡ್ತಿದ್ದೀಯ?"

"ತಪ್ಪು ತಿದ್ತಿದ್ದೀನಿ ಅಜ್ಜಿ."

"ಯಾರ ತಪ್ಪು? ಇವಳು ನನ್ನ ದೊಡ್ಡಮ್ಮ. ನಮ್ಮಮ್ಮನ ಅಕ್ಕ. ನಾಲ್ಕು ವರ್ಷಕ್ಕೇ ಹೋದ್ಲು."

ಎಂಬತ್ತರ ಮುದುಕಿಗೆ ನಾಲ್ಕು ವರ್ಷದ ದೊಡ್ಡಮ್ಮ. ನಾನು ಸುತ್ತಿಗೆ ಇಳಿಸಿದೆ.

"ಸಾಯೋ ದಿನ ಬೆಳಿಗ್ಗೆ ತಾನಾಗೇ ಬೂಟು ಹಾಕ್ಕೊಂಡು ಬಂದಿದ್ಲಂತೆ, ಹೀಗೇ ಅದಲುಬದಲು. ನಮ್ಮಜ್ಜಿ, ನಿನಗೆ ಯಾವಾಗ ಬುದ್ಧಿ ಬರತ್ತೆ ಅಂತ ಬೈದು, ಬಿಚ್ಚಿ ಸರಿಯಾಗಿ ಹಾಕಿದ್ರಂತೆ. ಮಧ್ಯಾಹ್ನ ಮೈಮೇಲೆ ಗಾಡಿ ಹರೀತು. ಶಿಲ್ಪಿ ಮೊದಲು ಸರಿಯಾಗೇ ಕೆತ್ತಿದ್ದ. ಅಜ್ಜಿ ನೋಡಿ, ಇದು ನನ್ನ ಮಗಳಲ್ಲ ಅಂದು, ಇನ್ನೊಂದು ಕಲ್ಲು ತರಿಸಿದ್ರು."

"ಜನ ನಗ್ತಾರಲ್ಲಾ?"

"ನಗಲಿ ಬಿಡು. ಮಗು ಬೂಟು ತಿರುಗುಮುರುಗು ಹಾಕ್ಕೊಂಡು ಬಂದ್ರೆ ನಗದೆ ಇನ್ನೇನ್ ಮಾಡ್ತಾರೆ? ಅವತ್ತು ನಮ್ಮಜ್ಜಿ ಒಬ್ಬರೇ ನಗಲಿಲ್ಲ."

ಉಳಿ ಚೀಲಕ್ಕೆ ಹಾಕಿದೆ. ತಿದ್ದುವಂಥದ್ದು ಏನೂ ಇಲ್ಲವೆಂದು ಕಚೇರಿಗೆ ನಾಳೆ ಬರೆದರಾಯಿತು. ಮನೆಗೆ ಓಡಿದೆ. ಈ ವಯಸ್ಸಿನಲ್ಲಿ ಅದು ಓಟವೆಂದರೆ ಓಟ.

ಬಾಗಿಲ ಬಳಿ ನೆಲ ಗುಡಿಸಿ ಒರೆಸಿತ್ತು.

"ತೆಗೆದಿಟ್ಟೆ" ಎಂದಳು ಹೆಂಡತಿ. "ನೀವೇ ಹೇಳಿದ್ರಲ್ಲ."

"ಯಾರಿಗಾದ್ರೂ ಕೊಟ್ಬಿಟ್ಯಾ?"

"ಚೀಲದಲ್ಲಿದೆ."

ಬೂಟುಗಳನ್ನು ಹೊರತೆಗೆದು ಬಾಗಿಲ ಬಳಿ ಇಟ್ಟೆ. ಮೊದಲು ಅವು ಹಾಗಿರಲಿಲ್ಲ. ತಿರುಗಿಸಿ ಇಟ್ಟೆ. ಹಾಗೂ ಇರಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣಳತೆಯಲ್ಲೇ ಹಿಡಿಯುವವನು ನಾನು. ಎಂಟು ತಿಂಗಳು ದಿನಾ ಎಡವಿದ್ದೆ, ಒಮ್ಮೆಯೂ ನೋಡಿರಲಿಲ್ಲ. ನನಗೆ ಭಯವಾಯಿತು.

ಅವಳು ಪಕ್ಕದಲ್ಲಿ ಮಂಡಿಯೂರಿದಳು. ಒಂದನ್ನು ಮಗ್ಗುಲಾಗಿ ಮಲಗಿಸಿದಳು. ಇನ್ನೊಂದರ ತುದಿಯನ್ನು ಗೋಡೆಗೆ ತಾಗಿಸಿ, ಬಿಚ್ಚಿದ ಲೇಸನ್ನು ಹೊಸ್ತಿಲ ಕಡೆಗೆ ಎಳೆದಳು. ಯೋಚಿಸಲೇ ಇಲ್ಲ.

"ಹೀಗೆ" ಎಂದಳು. "ಇನ್ಮೇಲೆ ದಾಟ್ಕೊಂಡು ಹೋಗಿ."