ಅಂಚಿನ ಮೇಷ್ಟ್ರು

“ಒಬ್ಬನಲ್ಲ, ಇಬ್ಬರಿದ್ದಾರೆ ಕಳ್ಳರು!” ಗ್ರಂಥಪಾಲಕರು ಸೋಮವಾರದ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಪದಬಂಧದ ಅಂಚಿಗೆ ಬೆರಳು ಬಡಿದರು. “ನೋಡಮ್ಮ, ಇದೊಂದು ಕೈಬರಹ, ಇದೊಂದು ಕೈಬರಹ. ಹತ್ತು ಜನ ಓದೋ ಪೇಪರನ್ನ ಕಾಪಿ ಪುಸ್ತಕ ಮಾಡ್ಕೊಂಡಿದ್ದಾರೆ. ನೀನು ಅಳಿಸಿಲ್ವಾ?”

“ಮರೆತೆ ಸಾರ್,” ಎಂದಳು ಅಟೆಂಡರ್ ಅಕ್ಕ. ಮರೆತಿರಲಿಲ್ಲ. ಎರಡನೆಯ ಕೈಬರಹ ಅವಳದೇ.

ವಾಚನಾಲಯ ಮುಚ್ಚುವ ಮುನ್ನ ಪತ್ರಿಕೆಗಳ ಮೇಲಿನ ಗೀಚನ್ನು ರಬ್ಬರಿನಿಂದ ಒರೆಸುವುದು ಅವಳ ಕೆಲಸ. ಯಾರೋ ನಟಿಯರಿಗೆಲ್ಲ ಮೀಸೆ ಬರೆಯುತ್ತಿದ್ದರು, ಇನ್ಯಾರೋ ಮಂತ್ರಿಗಳ ಹಲ್ಲು ಕಪ್ಪು ಮಾಡುತ್ತಿದ್ದರು. ಎಂಟು ತಿಂಗಳ ಹಿಂದೆ ಒಂದು ಸಂಜೆ ಪದಬಂಧದ ಪಕ್ಕ ತೆಳ್ಳನೆ ಪೆನ್ಸಿಲ್ ಬರಹ ಕಂಡಿತು. ಚೌಕಗಳೆಲ್ಲ ಖಾಲಿ. ಉತ್ತರವನ್ನು ಬರೆಯದೆ, ಉತ್ತರಕ್ಕೆ ಹೋಗುವ ದಾರಿಯನ್ನಷ್ಟೇ ಬರೆದಿದ್ದರು ಪುಣ್ಯಾತ್ಮರು. ಸುಳಿವು ಹೀಗಿತ್ತು: ‘ದೀಪದ ಕಡೆ ನೋಡಿದರೆ ಒಳಗಿದೆ ಬಹುಮಾನ, ಮೂರು ಅಕ್ಷರ.’ ಅಂಚಿನಲ್ಲಿ: ‘ಅರ್ಥ ಮರೆತುಬಿಡಿ. ಬರೀ ಅಕ್ಷರ ಓದಿ. ದೀ ಬಿಟ್ಟು ಮುಂದೆ ಹೋಗಿ.’

ಅವಳು ಕೈಯಲ್ಲಿ ರಬ್ಬರ್ ಹಿಡಿದೇ ಓದಿದಳು. ಪ, ದ, ಕ. ಪದಕ! ಒಬ್ಬಳೇ ಎಷ್ಟು ಜೋರಾಗಿ ನಕ್ಕಳೆಂದರೆ ಕಾವಲುಗಾರ ಬಾಗಿಲಿನಿಂದ ಇಣುಕಿ ನೋಡಿದ.

ಏಳನೇ ತರಗತಿಗೆ ಶಾಲೆ ಬಿಟ್ಟವಳು ಅವಳು. ಆಮೇಲೆ ಯಾರೂ ಅವಳಿಗೆ ಯಾವುದನ್ನೂ ಬಿಡಿಸಿ ಹೇಳಿರಲಿಲ್ಲ. ಗಂಡನೂ ಮಗಳೂ ಏನು ಕೇಳಿದರೂ “ನಿಂಗೆ ಅರ್ಥ ಆಗಲ್ಲ ಬಿಡು” ಎಂದು ಮಾತು ಮುಗಿಸುತ್ತಿದ್ದರು. ಈಗ ದಿನಾ ಸಂಜೆ ಅಂಚಿನ ಮೇಷ್ಟ್ರು ಸಿಗುತ್ತಿದ್ದರು. ಅವಳು ಓದಿ, ಬಿಡಿಸಿ, ಆಮೇಲೆ ಅಳಿಸುತ್ತಿದ್ದಳು. ಅಳಿಸುವ ಮುನ್ನ ಪ್ರತಿ ಸಲವೂ ಇನ್ನೊಮ್ಮೆ ಓದಿಕೊಳ್ಳುತ್ತಿದ್ದಳು.

ಈ ಸೋಮವಾರ ಒಂದು ಸುಳಿವಿನ ಪಕ್ಕ ಬರೀ ಪ್ರಶ್ನಾರ್ಥಕ ಚಿಹ್ನೆ ಇತ್ತು. ‘ತಲೆ ಹೋದ ಯುದ್ಧ ನೆರಳು ಕೊಡುತ್ತದೆ, ಎರಡು ಅಕ್ಷರ.’ ಮೇಷ್ಟ್ರೇ ಸೋತರಾ? ಅವಳು ನೆಲ ಒರೆಸುತ್ತ ಒರೆಸುತ್ತ ಯೋಚಿಸಿದಳು. ಮೂರನೇ ಕಪಾಟಿನ ಬಳಿ ಬಕೆಟ್ ಇಳಿಸಿ ಓಡಿಬಂದು ಬರೆದಳು: ‘ಯುದ್ಧಕ್ಕೆ ಸಮರ ಅನ್ನಿ. ಮೊದಲ ಅಕ್ಷರ ತೆಗೆಯಿರಿ.’ ಅವರ ಕಣ್ಣಿಗೆ ಬೀಳಲೆಂದು ಆ ದಿನ ಅಳಿಸದೆ ಪತ್ರಿಕೆಯನ್ನು ಮೇಜಿನ ಮೇಲೇ ಬಿಟ್ಟಳು. ಮರುದಿನ ಅದರ ಕೆಳಗೆ ‘ಭಲೇ!’ ಎಂದಿತ್ತು. ಆ ಒಂದು ಪದವನ್ನು ಅಳಿಸಲು ಅವಳಿಗೆ ಕೈಯೇ ಬರಲಿಲ್ಲ. ಹಾಗಾಗಿ ಪತ್ರಿಕೆ ಸೀದಾ ಗ್ರಂಥಪಾಲಕರ ಕೈಗೆ ಸಿಕ್ಕಿತು.

“ನಾಳೆಯಿಂದ ಪೇಪರ್ ಹಾಕೋಕೆ ಮುಂಚೆ ಪದಬಂಧ ಕತ್ತರಿಸಿ ತೆಗೀ,” ಎಂದರು ಅವರು. “ತೂತು ನೋಡಿ ಯಾರ ಮುಖ ಬಾಡುತ್ತೋ ಅವನೇ ಕಳ್ಳ. ಬಂದು ಹೇಳು. ಅವನ ಕಾರ್ಡು ರದ್ದು.”

ಬೆಳಿಗ್ಗೆ ಅವಳು ಕತ್ತರಿಸಿದಳು. ಆಮೇಲೆ ಧೂಳೊರೆಸುವ ಬಟ್ಟೆ ಹಿಡಿದು, ಒರೆಸಿದ್ದ ಕಪಾಟನ್ನೇ ಮತ್ತೆ ಮತ್ತೆ ಒರೆಸುತ್ತ ಕಾದಳು. ಹೇಳಿದರೆ ಮೇಷ್ಟ್ರು ಹೋಗುತ್ತಾರೆ, ಹೇಳದಿದ್ದರೆ ಪದಬಂಧಕ್ಕೆ ದಿನಾ ಕತ್ತರಿ ಬಿದ್ದು ಪಾಠ ಹೋಗುತ್ತದೆ. ಆದರೂ ಅವರು ಯಾರೆಂದು ತಿಳಿಯುವ ಆಸೆ ಮಾತ್ರ ತಡೆಯಲಾಗಲಿಲ್ಲ.

ನಿವೃತ್ತ ಹೆಡ್‌ಮಾಸ್ಟರೇ ಇರಬೇಕೆಂದು ಅವಳ ಊಹೆ. ಅವರು ತೂತಿನ ಪುಟವನ್ನು ನೋಡದೆಯೇ ಮಗುಚಿ ಆಟದ ಸುದ್ದಿಗೆ ಹೋದರು. ದರ್ಜಿ ತೂತಿನಲ್ಲಿ ಬೆರಳಾಡಿಸಿ, “ಅಳತೆ ಸರಿಯಾಗಿದೆ,” ಎಂದು ನಕ್ಕ. ಕೊನೆಗೆ ಮಫ್ಲರ್ ಅಜ್ಜ ಬಂದರು. ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ಮಾತಿಲ್ಲ. ಬೇಕಾದ ಪುಸ್ತಕವನ್ನು ಬೆರಳಲ್ಲಿ ತೋರಿಸುತ್ತಿದ್ದರು. ಫ್ಯಾನಿನ ಗಾಳಿಗಾಗಿ ಬರುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಅಜ್ಜ ನೇರವಾಗಿ ಆ ಪುಟ ತೆರೆದರು. ಆಗಲೇ ಜೇಬಿಗೆ ಹೋಗಿದ್ದ ಕೈ ಮೋಟು ಪೆನ್ಸಿಲನ್ನು ಅರ್ಧ ಹೊರಗೆ ತೆಗೆದು ಹಾಗೇ ನಿಂತಿತು. ಇನ್ನೊಂದು ಕೈಯ ಬೆರಳು ತೂತಿನ ನಾಲ್ಕೂ ಅಂಚನ್ನು ಮೆಲ್ಲಗೆ ಸವರಿತು.

ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಈ ಮನುಷ್ಯ ಅಂಚಿನಲ್ಲಿ ಹೇಳುತ್ತಿದ್ದರು. ಅಕ್ಕನಿಗೆ ಅಳು ಬಂದಂತಾಯಿತು.

“ಏನಮ್ಮ, ಸಿಕ್ಕಿದ್ನಾ?” ಗ್ರಂಥಪಾಲಕರು ಒಳಗಿನಿಂದ ಕೂಗಿದರು.

“ಇಲ್ಲ ಸಾರ್. ಎಲ್ಲರ ಮುಖಾನೂ ನೆಟ್ಟಗೇ ಇದೆ.”

ಅವಳು ಬಟ್ಟೆ ಕೆಳಗಿಟ್ಟು, ತನ್ನ ರಬ್ಬರ್ ತೆಗೆದುಕೊಂಡು, ಕಪಾಟಿನ ಹಿಂದಿನಿಂದ ಒಂದು ಹಾಳೆ ತಂದಳು. ಹಳೆಯ ಕ್ಯಾಲೆಂಡರಿನ ಬೆನ್ನಿಗೆ, ಪುಸ್ತಕ ಅಂಟಿಸುವ ಗೋಂದಿನಿಂದ ಬೆಳಿಗ್ಗೆಯೇ ಪದಬಂಧವನ್ನು ಅಂಟಿಸಿಟ್ಟಿದ್ದಳು. ಸುತ್ತ ಅಂಗೈ ಅಗಲದ ಬಿಳಿ ಅಂಚು. ಅದನ್ನು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು. ಇಷ್ಟು ವರ್ಷ ಆ ಕುರ್ಚಿಗಳನ್ನು ಒರೆಸಿದ್ದೇ ಹೊರತು ಒಂದು ಸಲವೂ ಕೂತಿರಲಿಲ್ಲ.

“ಇದು ಪೇಪರ್ ಅಲ್ಲ ಮೇಷ್ಟ್ರೇ, ನನ್ನ ಹಾಳೆ,” ಎಂದಳು ಮೆಲುದನಿಯಲ್ಲಿ. “ಇದರಲ್ಲಿ ಬರೀಬೋದು.”

ಅಜ್ಜ ಪತ್ರಿಕೆಯನ್ನು ಮುಖಕ್ಕೆ ಅಡ್ಡವಾಗಿ ಎತ್ತಿ ಹಿಡಿದರು. ಚೌಕದ ತೂತಿನಲ್ಲಿ ಕನ್ನಡಕದ ಹಿಂದಿನ ಒಂದು ಕಣ್ಣು ಕಾಣಿಸಿತು. ಅದು ಹಾಳೆಯನ್ನು ನೋಡಿತು, ಅವಳ ಕೈಯಲ್ಲಿದ್ದ ರಬ್ಬರನ್ನು ನೋಡಿತು, ಆಮೇಲೆ ಬಹಳ ಹೊತ್ತು ಅವಳನ್ನೇ ನೋಡಿತು. ನಂತರ ಕಣ್ಣು ಪಕ್ಕಕ್ಕೆ ಸರಿಯಿತು. ಅದೇ ತೂತಿನಿಂದ ಮೋಟು ಪೆನ್ಸಿಲ್ ನಿಧಾನವಾಗಿ ಹೊರಗೆ ಬಂತು, ಮೊಂಡು ತುದಿ ಅವಳ ಕಡೆಗಿತ್ತು, ‘ನೀನೇ ಬರಿ’ ಎನ್ನುವಂತೆ.